ಹೊಲ ಉಂಡವರ ದಂಡು

ಯುದ್ಧದ ಇತಿಹಾಸ ಬರೆದ ಪುಸ್ತಕಗಳಲ್ಲಿ ಕದನದ ಕಥೆಗಿಂತ ಮೊದಲು ಒಂದು ಪಟ್ಟಿ ಇರುತ್ತದೆ. ದಂಡಿನ ಮುಖ್ಯಸ್ಥ ಯಾರು, ಅವನ ಕೈಕೆಳಗೆ ಯಾರ್‍ಯಾರು, ಯಾವ ಪಲ್ಟನ್ನು ಯಾರ ಹುಕುಮಿನಲ್ಲಿತ್ತು, ತೋಪು ಎಲ್ಲಿದ್ದವು, ಕುದುರೆ ಎಲ್ಲಿದ್ದವು ಎಂಬುದೆಲ್ಲ ಅದರಲ್ಲಿ ಸಾಲಾಗಿ ಸಿಗುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ 1863ರ ಗೆಟಿಸ್‌ಬರ್ಗ್ ಕದನವನ್ನೇ ತೆಗೆದುಕೊಳ್ಳಿ. ಉತ್ತರದವರ ಸೇನಾಪತಿ ಮೀಡ್, ಅವನ ಕೈಯಲ್ಲಿ ಕಾಲಾಳುಗಳ ಏಳು ದೊಡ್ಡ ದಳ. ದಕ್ಷಿಣದವರ ಸೇನಾಪತಿ ಲೀ, ಅವನ ಕೈಯಲ್ಲಿ ಮೂರು. ಇಬ್ಬರೂ ವೆಸ್ಟ್ ಪಾಯಿಂಟ್ ಎಂಬ ಒಂದೇ ಸೈನಿಕ ಶಾಲೆಯಲ್ಲಿ ಕಲಿತವರು. ಹಾಗಾಗಿ ಎರಡೂ ಪಟ್ಟಿಗಳ ನಮೂನೆ ಒಂದೇ ಆಗಿತ್ತು. ತುಂಬಿದ ಹೆಸರು ಮಾತ್ರ ಬೇರೆ.

ನಮ್ಮ ಸಂಪಗಾಂವ ಸೀಮೆಯ ಯುದ್ಧಕ್ಕೆ, ಅಂದರೆ 1824ರ ಕಿತ್ತೂರಿನ ಯುದ್ಧಕ್ಕೆ, ಇಂಥ ಪಟ್ಟಿ ಬರೆಯಲು ಕೂತರೆ ಎರಡು ಬೇರೆಬೇರೆ ನಮೂನೆ ಬೇಕಾಗುತ್ತವೆ. ಕಂಪನಿ ಸರ್ಕಾರದ ದಂಡು ಪಗಾರದ ಮೇಲೆ ನಿಂತಿತ್ತು; ಅದಕ್ಕೆ ಪಲ್ಟನ್ನಿನ ಹಾಜರಿ ಪುಸ್ತಕ ಸಾಕು. ಕಿತ್ತೂರಿನ ದಂಡು ಹೊಲದ ಮೇಲೆ ನಿಂತಿತ್ತು. ಅದರ ಪಟ್ಟಿ ಸಿಗುವುದು ಜಮೀನಿನ ದಫ್ತರದಲ್ಲಿ. ನಾನು ತಲಾಠಿಯಾಗಿ, ಅಂದರೆ ಊರ ಜಮೀನಿನ ಲೆಕ್ಕ ಬರೆಯುವವನಾಗಿ, ಬದುಕು ಕಳೆದವನು, ಇತಿಹಾಸದ ಪ್ರಾಧ್ಯಾಪಕನಲ್ಲ. ಆದರೆ ಈ ದಂಡನ್ನು ನಾನು ಕಂಡದ್ದು ಉತಾರಗಳಲ್ಲಿ, ಅಂದರೆ ಹೊಲದ ಹಕ್ಕಿನ ದಾಖಲೆಗಳಲ್ಲಿ. ಅದಕ್ಕೇ ಈ ಮಾತನ್ನು ನನ್ನಂಥವನೂ ಬರೆಯಬೇಕು ಅನಿಸಿದೆ.

ಬೈಲಹೊಂಗಲ ಕಡೆಯ ಹಳೆಯ ಉತಾರಗಳಲ್ಲಿ ಹೊಲದ ಹಕ್ಕು ಯಾವ ಬಗೆಯದು ಎಂದು ಬರೆಯುವಲ್ಲಿ ‘ಶೇತಸನದಿ’ ಎಂಬ ನಮೂದು ಮತ್ತೆ ಮತ್ತೆ ಬರುತ್ತದೆ. ಊರಿಗೆ ಗೌಡ, ಕುಲಕರ್ಣಿ, ತಳವಾರ, ವಾಲೀಕಾರ ಇದ್ದಂತೆ ಶೇತಸನದಿಗಳೂ ಇದ್ದರು. ಅವರಿಗೆ ಸರ್ಕಾರ ರೊಕ್ಕದ ಪಗಾರ ಕೊಡುತ್ತಿರಲಿಲ್ಲ. ಒಂದು ತುಂಡು ಹೊಲ ಬಿಟ್ಟುಕೊಟ್ಟು ಅದರ ಕಂದಾಯವನ್ನು ಪೂರಾ ಮಾಫಿ ಮಾಡುತ್ತಿತ್ತು, ಇಲ್ಲವೆ ಕಡಿಮೆ ಮಾಡುತ್ತಿತ್ತು. ಅದಕ್ಕೆ ಬದಲಾಗಿ ಅವರು ಊರ ಕಾವಲು ಕಾಯಬೇಕು, ವಸೂಲಿಯ ಹಣಕ್ಕೆ ಬೆಂಗಾವಲು ಹೋಗಬೇಕು, ದೇಸಾಯರ ಕರೆ ಬಂದರೆ ಕತ್ತಿ ಬಂದೂಕು ಹಿಡಿದು ಕೋಟೆಗೆ ಹೊರಡಬೇಕು. ಮುಂದೆ ವತನಗಳನ್ನೆಲ್ಲ ರದ್ದು ಮಾಡುವ 1961ರ ಕಾಯ್ದೆ ಬಂದು 1963ರಲ್ಲಿ ಜಾರಿಯಾದಾಗ ಈ ಚಾಕರಿಯೂ ಮುಗಿಯಿತು. ಹೊಲ ಹಿಡಿದವರಿಗೆ ಮರುಮಂಜೂರಿ ಆಯಿತು. ನಾನು ನೌಕರಿ ಸೇರುವಾಗ ಆ ಮಂಜೂರಿಯ ಕಾಗದಪತ್ರ ಹಿಡಿದುಕೊಂಡು ಚಾವಡಿಗೆ ಬರುವವರು ಇನ್ನೂ ಇದ್ದರು.

ಒಬ್ಬ ವಯಸ್ಸಾದ ರೈತ ಕೇಳಿದ್ದು ಈಗಲೂ ಕಿವಿಯಲ್ಲಿದೆ. “ಸಾಹೇಬ್ರ, ನಮ್ಮ ಮುತ್ಯಾಗ ಈ ಹೊಲ ಯಾಕ ಕೊಟ್ಟಿದ್ರಂತ ಇದರಾಗ ಬರದೈತೇನ್ರಿ?” ನಾನು ಓದಿ ಹೇಳಿದೆ: ಶೇತಸನದಿ ಚಾಕರಿಗೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ನಾವು ದಂಡಿನ ಮಂದಿ ಅಂದಂಗಾತ್ರಿ” ಅಂದರು. ಹೌದು, ಅವರು ದಂಡಿನ ಮಂದಿ. ಯಾವ ಯುದ್ಧದ ಪುಸ್ತಕವೂ ಬರೆಯದ ಪಟ್ಟಿಯಲ್ಲಿ ಅವರ ಮುತ್ಯಾನ ಹೆಸರಿದೆ.

ಈ ಏರ್ಪಾಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಿತ್ತೂರಿನ ದಂಡನ್ನು ಮೇಲಿನಿಂದ ಕೆಳಕ್ಕೆ ನೋಡೋಣ. ತುದಿಯಲ್ಲಿ ದೇಸಾಯರು. ಅವರ ಕೆಳಗೆ ದಿವಾನ ಮತ್ತು ಸರದಾರರು. 1824ರಲ್ಲಿ ಆ ಜಾಗದಲ್ಲಿದ್ದವನು ಸರದಾರ ಗುರುಸಿದ್ದಪ್ಪ. ಕೋಟೆಯಲ್ಲಿ ಕಾಯಂ ಇರುವ ಮಂದಿ ಒಂದಷ್ಟು: ರಾಹುತರು, ಗೋಲಂದಾಜರು, ಬಾಗಿಲು ಬುರುಜಿನ ಕಾವಲಿನವರು, ರಾಣಿವಾಸದ ಅಂಗರಕ್ಷಕರು. ಗುರಿಗೆ ಹೆಸರಾದ ಅಮಟೂರ ಬಾಳಪ್ಪ ಈ ಒಳಬಳಗದವನು. ಸಿದ್ದಿ ಕುಲದ ಗಜವೀರನ ಹೆಸರೂ ಕಿತ್ತೂರಿನ ಬಂಟರ ಸಾಲಿನಲ್ಲಿ ಬರುತ್ತದೆ. ಇವರೆಲ್ಲರ ಹಿಂದೆ, ಲೆಕ್ಕದಲ್ಲಿ ಇವರಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ, ಊರೂರಿನ ಶೇತಸನದಿಗಳು. ಮಲಪ್ರಭೆಯ ದಂಡೆಯ ಸಂಗೊಳ್ಳಿಯ ರಾಯಣ್ಣ ಅವರಲ್ಲಿ ಒಬ್ಬ.

ಇಂಥ ದಂಡಿನಲ್ಲಿ ಹುಕುಮು ಹರಿಯುವ ದಾರಿಯೇ ಬೇರೆ. ಶೇತಸನದಿಗೆ ತನ್ನ ಊರು ಗೊತ್ತು, ತನ್ನ ಗೌಡ ಗೊತ್ತು, ಸನದು ಕೊಟ್ಟ ಕಿತ್ತೂರ ಗಾದಿ ಗೊತ್ತು. ನಡುವೆ ಕ್ಯಾಪ್ಟನ್, ಮೇಜರ್, ಕರ್ನಲ್ ಎಂಬ ಮೆಟ್ಟಿಲುಗಳಿಲ್ಲ. ಒಂದು ಊರಿನಿಂದ ಬಂದವರು ಒಟ್ಟಾಗಿ ನಿಲ್ಲುತ್ತಾರೆ. ಅಣ್ಣತಮ್ಮಂದಿರು, ಮಾವ ಅಳಿಯಂದಿರು ಪಕ್ಕಪಕ್ಕದಲ್ಲೇ ಇರುತ್ತಾರೆ. ಕರೆದರೆ ಬೇಗ ಕೂಡುತ್ತಾರೆ, ಕೋಟೆಯ ಸುತ್ತಲಿನ ನೆಲವನ್ನು ಕಣ್ಣು ಮುಚ್ಚಿಕೊಂಡೇ ಬಲ್ಲರು. ಆದರೆ ತಿಂಗಳುಗಟ್ಟಲೆ ಹೊಲ ಬಿಟ್ಟು ಅವರನ್ನು ಒಂದೇ ಕಡೆ ಹಿಡಿದಿಡುವುದು ಕಷ್ಟ. ಬಿತ್ತುವ ಹೊತ್ತು, ಕೊಯ್ಯುವ ಹೊತ್ತು ಅವರನ್ನು ಮನೆಗೆ ಕರೆಯುತ್ತದೆ.

ಕಂಪನಿಯ ದಂಡು ಇದಕ್ಕೆ ತದ್ವಿರುದ್ಧ. ಸಿಪಾಯಿ, ನಾಯಕ, ಹವಾಲ್ದಾರ, ಜಮಾದಾರ, ಸುಭೇದಾರ: ದೇಶಿ ಮನುಷ್ಯ ಏರಬಹುದಾದ ಏಣಿ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಎಷ್ಟೇ ವರ್ಷ ಚಾಕರಿ ಮಾಡಿದ ಸುಭೇದಾರನಾದರೂ ನಿನ್ನೆ ಮೊನ್ನೆ ಬಂದ ಯುರೋಪಿಯನ್ ಹುಡುಗನ ಕೈಕೆಳಗೇ ನಿಲ್ಲಬೇಕು. ಪಲ್ಟನ್ನುಗಳನ್ನು ಗುರುತಿಸುತ್ತಿದ್ದದ್ದು ಹೆಚ್ಚಾಗಿ ನಂಬರಿನಿಂದ. ಆ ನಂಬರುಗಳೂ ಹೊಸವು. ಎರಡೆರಡು ಬೆಟಾಲಿಯನ್ನುಗಳ ಹಳೆಯ ರೆಜಿಮೆಂಟುಗಳನ್ನು ಒಡೆದು ಒಂದೊಂದು ಬೆಟಾಲಿಯನ್ನನ್ನೂ ಪ್ರತ್ಯೇಕ ರೆಜಿಮೆಂಟು ಮಾಡಿದ್ದು ಅದೇ 1824ರಲ್ಲಿ. ಅದೇ ವರ್ಷ ಬರ್ಮಾದ ಮೇಲೆ ಯುದ್ಧ ಸುರುವಾಗಿ ಮದ್ರಾಸ್ ಸೇನೆಯ ಹಲವು ಪಲ್ಟನ್ನುಗಳು ರಂಗೂನಿಗೆ ಹಡಗು ಹತ್ತಿದ್ದವು. ಕಿತ್ತೂರು ಸಿಡಿದದ್ದು ಇಂಥ ಹೊತ್ತಿನಲ್ಲಿ.

ಕಾರಣ ಎಲ್ಲರಿಗೂ ಗೊತ್ತಿರುವುದೇ, ಚಿಕ್ಕದಾಗಿ ಹೇಳುತ್ತೇನೆ. ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ. 1818ರಲ್ಲಿ ಪೇಶ್ವೆಯ ಕಿಲ್ಲೇದಾರನಿದ್ದ ಬೆಳಗಾವಿ ಕೋಟೆಯನ್ನು ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಮುತ್ತಿದಾಗ ಈ ದೇಸಾಯಿ ಕಂಪನಿಗೆ ಸಹಾಯ ಮಾಡಿದ. ಮನ್ರೋನ ಬಳಿ ಪಲ್ಟನ್ನು ಕಡಿಮೆ ಇತ್ತು; ಊರೂರಿನ ಕಾಲಾಳುಗಳನ್ನೇ ಕೂಡಿಸಿಕೊಂಡು ಪೇಶ್ವೆಯ ಠಾಣ್ಯಗಳನ್ನು ಒಂದೊಂದಾಗಿ ಹಿಡಿಯುತ್ತ ಬಂದಿದ್ದ. ಅಂದರೆ ಊರ ಬಂಟರ ಈ ದಂಡು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಕಂಪನಿಗೆ ಮೊದಲೇ ಗೊತ್ತಿತ್ತು. ಆರು ವರ್ಷಗಳ ಮೇಲೆ, 1824ರ ಸೆಪ್ಟೆಂಬರಿನಲ್ಲಿ, ಆ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಹುಡುಗ ಶಿವಲಿಂಗಪ್ಪನನ್ನು ದತ್ತಕ ಮಾಡಿಕೊಂಡಿದ್ದಾಗಿ ದೇಸಾಯಿಯ ಸಹಿಯ ಕಾಗದ ಕಂಪನಿಗೆ ಹೋಯಿತು. ಧಾರವಾಡದ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಥ್ಯಾಕರೆ ಆ ಸಹಿಯ ಮೇಲೆ ಸಂಶಯಪಟ್ಟ, ದತ್ತಕ ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿದ, ಸಂಸ್ಥಾನದ ಕಾರಭಾರಕ್ಕೆ ತನ್ನ ಕಡೆಯ ಮಂದಿಯನ್ನು ಕೂರಿಸಿದ.

ಮಲ್ಲಸರ್ಜನ ಕಿರಿಯ ರಾಣಿ ಚೆನ್ನಮ್ಮ ಇದನ್ನು ಒಪ್ಪಲಿಲ್ಲ. ಇಲ್ಲಿಂದ ಮುಂದಿನ ಯುದ್ಧದಲ್ಲಿ ಎರಡೂ ದಂಡುಗಳ ಕಟ್ಟೋಣ ಹೇಗೆ ಕೆಲಸ ಮಾಡಿತು ಎಂಬುದನ್ನು ನಿಧಾನವಾಗಿ ನೋಡಬೇಕು.

ಅಕ್ಟೋಬರಿನಲ್ಲಿ ಥ್ಯಾಕರೆ ಕಿತ್ತೂರಿಗೆ ಬಂದಾಗ ಅವನ ಜತೆಗಿದ್ದದ್ದು ಮದ್ರಾಸ್ ಸೇನೆಯ ಕುದುರೆ ತೋಪಿನ ದಳ. ಹಗುರ ತೋಪು, ಎಳೆಯಲು ಕುದುರೆ, ತೋಪಿನವರೂ ಕುದುರೆಯ ಮೇಲೆಯೇ. ಬಯಲಲ್ಲಿ ಮಿಂಚಿನಂತೆ ಓಡಾಡಲು ಕಟ್ಟಿದ ದಳ ಅದು. ಅದರ ಕ್ಯಾಪ್ಟನ್ ಬ್ಲ್ಯಾಕ್. ಅವನ ಕೈಕೆಳಗೆ ಸೀವೆಲ್, ಡೈಟನ್. ಆದರೆ ಯಾವಾಗ ತೋಪು ಹಚ್ಚಬೇಕು, ಯಾವಾಗ ಬಾಗಿಲು ಒಡೆಯಬೇಕು ಎಂದು ತೀರ್ಮಾನಿಸುವವನು ಕ್ಯಾಪ್ಟನ್ ಅಲ್ಲ, ಕಲೆಕ್ಟರ್. ಖಜಾನೆಯ ಲೆಕ್ಕ ಕೇಳುವವನೂ ಅವನೇ, ದಂಡಿಗೆ ಹುಕುಮು ಕೊಡುವವನೂ ಅವನೇ. 23ರ ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ಬಾಗಿಲು ತೆರೆಯಿರಿ, ಇಲ್ಲವೆ ತೋಪಿನಿಂದ ಒಡೆಸುತ್ತೇನೆ ಎಂದು ಥ್ಯಾಕರೆ ಗಡುವು ಕೊಟ್ಟ. ತೋಪುಗಳನ್ನು ಬಾಗಿಲ ಸಮೀಪಕ್ಕೆ ತಂದರು.

ಕುದುರೆ ತೋಪಿನ ಬಲ ಇರುವುದು ದೂರದಲ್ಲಿ ಮತ್ತು ಓಟದಲ್ಲಿ. ಕೋಟೆಬಾಗಿಲಿನ ಎದುರು ನಿಂತಾಗ ಎರಡೂ ಹೋದವು. ಬಾಗಿಲು ಒಮ್ಮೆಗೇ ತೆರೆಯಿತು, ಒಳಗೆ ಕೂಡಿದ್ದ ಮಂದಿ ಹೊಳೆಯಂತೆ ಹೊರಗೆ ನುಗ್ಗಿದರು. ತೋಪು ತಿರುಗಿಸುವ ಹೊತ್ತೂ ಸಿಗಲಿಲ್ಲ. ಬ್ಲ್ಯಾಕ್, ಸೀವೆಲ್, ಡೈಟನ್ ಮೂವರೂ ಬಿದ್ದರು. ಥ್ಯಾಕರೆ ಬಿದ್ದ, ಆ ಗುಂಡು ಅಮಟೂರ ಬಾಳಪ್ಪನದು ಎಂದು ನಮ್ಮ ನಾಡು ನೆನೆಯುತ್ತದೆ. ಹುಕುಮು ಕೊಡುವವರೆಲ್ಲ ಬಿದ್ದ ಮೇಲೆ ಕಂಪನಿಯ ಉಳಿದ ಮಂದಿಯನ್ನು ಹಿಡಿದು ನಿಲ್ಲಿಸುವವರೇ ಇರಲಿಲ್ಲ. ಏಣಿಯ ಮೇಲಿನ ಮೆಟ್ಟಿಲುಗಳನ್ನು ಪರದೇಶದ ನಾಲ್ಕು ಜನರಿಗೆ ಮಾತ್ರ ಮೀಸಲಿಟ್ಟ ದಂಡಿಗೆ ಆಗುವ ಪೆಟ್ಟು ಇದು. ಕಿತ್ತೂರಿನವರಿಗೆ ಆ ಹೊತ್ತಿನಲ್ಲಿ ಮೆಟ್ಟಿಲುಗಳೇ ಬೇಕಿರಲಿಲ್ಲ. ಸರದಾರನ ಒಂದು ಮಾತು ಸಾಕಿತ್ತು: ಬಾಗಿಲು ತೆರೆ, ನುಗ್ಗು.

ಥ್ಯಾಕರೆಯ ಸಹಾಯಕರಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಯಾದರು. ಕಿತ್ತೂರಿನವರು ಅವರ ಜೀವಕ್ಕೆ ಕೈ ಹಾಕಲಿಲ್ಲ. ಈ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿ ನಮ್ಮ ಚಾಲುಕ್ಯರ ಇತಿಹಾಸಕ್ಕೆ ದಾರಿ ಮಾಡಿದವನು. ಗೆದ್ದ ದಿನ ಸೆರೆಯಾಳನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಶಿಸ್ತು ಕಿತ್ತೂರಿನಲ್ಲಿ ಇತ್ತು. ದಂಡಿನ ಕಟ್ಟುಪಾಡನ್ನು ಅಳೆಯುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಖಂಡಿತ ಅಭಿಪ್ರಾಯ.

ಎರಡನೆಯ ಸಲ ಕಂಪನಿ ತನ್ನ ಕಟ್ಟೋಣವನ್ನೇ ಬದಲಿಸಿಕೊಂಡು ಬಂತು. ಮಾತುಕತೆಗೆ ಒಬ್ಬ, ಕದನಕ್ಕೆ ಇನ್ನೊಬ್ಬ. ಷರತ್ತು ಹಾಕುವವನು ಪುಣೆಯಿಂದ ಬಂದ ದಖ್ಖನ್ ಕಮಿಷನರ್ ಚಾಪ್ಲಿನ್. ದಂಡಿನ ಹುಕುಮು ಲೆಫ್ಟಿನೆಂಟ್ ಕರ್ನಲ್ ಡೀಕನ್ನನದು. ಅವನ ಕೆಳಗೆ ಮದ್ರಾಸಿನದೂ ಮುಂಬಯಿಯದೂ ಸೇರಿ ಎರಡು ಪ್ರಾಂತಗಳ ಪಲ್ಟನ್ನುಗಳು, ದೇಶಿ ಕುದುರೆ ಪಡೆ, ಬಿಳಿಯರದೇ ಆದ ಕಾಲಾಳು ಪಡೆ. ಈ ಸಲ ಬಂದ ತೋಪುಗಳು ಬಾಗಿಲ ಬಳಿಗೆ ಬರಲಿಲ್ಲ; ದೂರದಲ್ಲಿ ಕೂತು ಗೋಡೆ ಒಡೆಯುವಂಥವನ್ನು ತಂದಿದ್ದರು. ನವೆಂಬರ್ ಕೊನೆಗೆ ದಂಡು ಕಿತ್ತೂರಿನ ಎದುರು ನಿಂತಿತು. ಡಿಸೆಂಬರ್ ಮೊದಲಿಗೆ ಕಿತ್ತೂರಿನವರು ಎಲಿಯಟ್, ಸ್ಟೀವನ್‌ಸನ್‌ರನ್ನು ಬಿಟ್ಟುಕೊಟ್ಟರು. ಅದರಿಂದ ಶಾಂತಿ ಬರಲಿಲ್ಲ. ಊರ ಹೊರಗಿನ ಗಡಾದ ಮರಡಿಯ ಎತ್ತರ ಶತ್ರುವಿನ ಕೈಗೆ ಹೋಯಿತು. ಕಿತ್ತೂರಿಗೆ ಹೋದವರು ಆ ಮರಡಿ ಹತ್ತಿ ನಿಂತು ಕೋಟೆಯ ಕಡೆ ನೋಡಲಿ. ಆ ದಿಬ್ಬ ಕೈತಪ್ಪಿದ ಮೇಲೆ ಕೋಟೆ ಯಾಕೆ ಹೆಚ್ಚು ದಿನ ನಿಲ್ಲಲಿಲ್ಲ ಎಂಬುದು ಯಾರೂ ಹೇಳದೆ ತಿಳಿಯುತ್ತದೆ. ಗೋಡೆ ಬಿರುಕು ಬಿಟ್ಟಿತು. ಡಿಸೆಂಬರ್ 5ಕ್ಕೆ ಕೋಟೆ ಶರಣಾಯಿತು. ಥಾಮಸ್ ಮನ್ರೋನ ಸಂಬಂಧಿಯೂ ಸೊಲ್ಲಾಪುರದ ಸಬ್ ಕಲೆಕ್ಟರನೂ ಆಗಿದ್ದ ಮನ್ರೋ ಎಂಬವನು ಈ ಕದನದಲ್ಲಿ ಸತ್ತ.

ಮದ್ದಿನಲ್ಲಿ ಸೆಗಣಿ ಬೆರೆಸಿದರು, ಒಳಗಿನವರೇ ಮೋಸ ಮಾಡಿದರು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಲಾವಣಿಯಲ್ಲಿ, ನಾಟಕದಲ್ಲಿ, ಮನೆಯ ಮಾತಿನಲ್ಲಿ ಥ್ಯಾಕರೆಗಿಂತ ಹೆಚ್ಚಿನ ಶಾಪ ಅವನು ಕಾರಭಾರಕ್ಕೆ ಕೂರಿಸಿದ ಮಲ್ಲಪ್ಪಶೆಟ್ಟಿ, ವೆಂಕಟರಾಯರಿಗೆ ಬೀಳುತ್ತದೆ. ಆ ಸಿಟ್ಟಿಗೆ ಅರ್ಥವಿದೆ. ಈ ಯುದ್ಧ ಬಿಳಿಯರಿಗೂ ನಮಗೂ ನಡೆದ ಯುದ್ಧ ಮಾತ್ರ ಆಗಿರಲಿಲ್ಲ. ಕೋಟೆಯ ಹೊರಗೆ ನಿಂತ ದಂಡಿನಲ್ಲೂ ಹೆಚ್ಚಿನವರು ದಖ್ಖನ್ನಿನ, ತೆಂಕಣದ ಮಂದಿ. ಕಾರಭಾರದ ಕೀಲಿಕೈ ಕಂಪನಿಗೆ ಕೊಟ್ಟವರು ಸಂಸ್ಥಾನದ ಉಪ್ಪು ತಿಂದವರು. ಹೊಲ ಕೊಟ್ಟ ಗಾದಿಗೆ ನಡೆದುಕೊಳ್ಳಬೇಕೋ, ಹೊಲ ಉಳಿಸಿಕೊಡುವ ಹೊಸ ದೊರೆಗೋ ಎಂಬ ಪ್ರಶ್ನೆ ಪ್ರತಿಯೊಂದು ಗೌಡಕಿಯ ಮನೆಗೂ, ಪ್ರತಿಯೊಂದು ಸನದಿನ ಹೊಲಕ್ಕೂ ಬಂದಿತ್ತು. ಮನೆಯೊಳಗಿನ ಯುದ್ಧ ಸುರುವಾಗುವುದು ಹೀಗೆ.

ಅದು ಪೂರಾ ಬಯಲಿಗೆ ಬಂದದ್ದು ರಾಯಣ್ಣನ ಕಾಲದಲ್ಲಿ. ಕೋಟೆ ಬಿದ್ದ ಮೇಲೆ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದಳು. 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಅಷ್ಟರಲ್ಲಿ ಕಿತ್ತೂರ ಸಂಸ್ಥಾನ ಕಂಪನಿಯ ಮುಲುಕಿಗೆ ಸೇರಿತ್ತು. ಸಂಪಗಾಂವದ ಕಚೇರಿಯಲ್ಲಿ ಅಮಲ್ದಾರ ಕೂತ. ಸನದುಗಳ ತಪಾಸಣೆ ನಡೆಯಿತು. ಶೇತಸನದಿಗಳಲ್ಲಿ ಕೆಲವರ ಹೊಲ ಜಪ್ತಿಯಾಯಿತು, ಕೆಲವರ ಮೇಲೆ ಹೊಸ ಕಂದಾಯ ಬಿತ್ತು. ರಾಯಣ್ಣನ ಹೊಲವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಕೋಟೆ ಬಿದ್ದಾಗ ಕಿತ್ತೂರಿನ ಸರದಾರರ ಸಾಲು ಹೋಗಿತ್ತು. ಊರ ಬಂಟರ ಸಾಲು ಹಾಗೇ ಇತ್ತು. ಸನದಿಗೆ ಕೈ ಹಾಕಿದ ದಿನ ಆ ಸಾಲಿಗೆ ತಾನು ಇನ್ನೂ ದಂಡು ಎಂಬುದು ನೆನಪಾಯಿತು.

1830ರ ಜನವರಿಯಲ್ಲಿ ರಾಯಣ್ಣನ ಮಂದಿ ಬೀಡಿ ಎಂಬ ಊರಿನ ಸರ್ಕಾರಿ ಕಚೇರಿಗೆ ಬೆಂಕಿ ಹಚ್ಚಿದರು. ನಂದಗಡ, ಖಾನಾಪುರದ ಕಡೆ ಹೋದರು, ಸಂಪಗಾಂವದ ಮೇಲೂ ಬಂದರು. ಅವರು ಆರಿಸಿಕೊಂಡದ್ದು ಕಚೇರಿಗಳನ್ನು ಎಂಬುದನ್ನು ಗಮನಿಸಬೇಕು. ಹೊಲ ಕಿತ್ತುಕೊಂಡ ದಫ್ತರ ಅಲ್ಲೇ ಇತ್ತು. ಈ ದಂಡಿಗೆ ಕೋಟೆಯಿಲ್ಲ, ಖಜಾನೆಯಿಲ್ಲ, ಕುದುರೆ ಪಡೆಯಿಲ್ಲ. ಹಗಲು ಅಡವಿ ಗುಡ್ಡಗಳಲ್ಲಿ ಇರುವುದು, ರಾತ್ರಿ ನಡೆಯುವುದು, ಊರವರಿಂದ ರೊಟ್ಟಿ ಪಡೆಯುವುದು. ರಾಜ ಯಾರೆಂದರೆ ಅದೇ ದತ್ತಕದ ಹುಡುಗ ಶಿವಲಿಂಗಪ್ಪ. ಅವನ ಹೆಸರಿನಲ್ಲಿ ಹೋರಾಟ. ಮುಂದಾಳು ಒಬ್ಬನೇ. ಬಿಚ್ಚುಗತ್ತಿ ಚನ್ನಬಸಪ್ಪನಂಥ ಜತೆಗಾರರು ಅವನ ಸುತ್ತ. ಉಳಿದವರೆಲ್ಲ ಕರೆದಾಗ ಬರುವವರು, ದಾಳಿ ಮುಗಿದ ಮೇಲೆ ತಂತಮ್ಮ ಊರಿಗೆ ಕರಗುವವರು.

ಇಂಥ ಗುಂಪನ್ನು ಪಲ್ಟನ್ನು ಹಿಡಿಯಲಾರದು ಎಂಬುದನ್ನು ಕಂಪನಿ ಬೇಗ ಅರಿತುಕೊಂಡಿತು. ಬಲೆ ಹೆಣೆಯುವ ಕೆಲಸ ಸಂಪಗಾಂವದ ಅಮಲ್ದಾರ ಕೃಷ್ಣರಾಯನ ಕಚೇರಿಗೂ ಸುತ್ತಲಿನ ಗೌಡರಿಗೂ ಬಂತು. ಊರಿನ ಮಂದಿಯ ಮೇಲೆ ಊರಿನ ಮಂದಿಯನ್ನೇ ಬಿಟ್ಟರು. ಖೋದಾನಪುರ, ನೇಗಿನಹಾಳದ ಗೌಡರ ಹೆಸರು ಈ ಕಥೆಯಲ್ಲಿ ಶಾಶ್ವತವಾಗಿ ಉಳಿದದ್ದು ಇದರಿಂದ. 1830ರ ಏಪ್ರಿಲಿನಲ್ಲಿ ರಾಯಣ್ಣ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ, ಅವನ ಕತ್ತಿ ದಂಡೆಯ ಮೇಲಿನ ಬೇರೆಯವರ ಕೈಯಲ್ಲಿದ್ದಾಗ, ಅವನನ್ನು ಹಿಡಿದರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು.

ಇದೇ ಮಾದರಿ ಮುಂದಿನ ತಲೆಮಾರಿನಲ್ಲೂ ಮರುಕಳಿಸಿತು. ನರಗುಂದದ ಬಾಬಾಸಾಹೇಬನಿಗೂ ದತ್ತಕ ನಿರಾಕರಿಸಿದರು. 1858ರ ಮೇ 29ರ ರಾತ್ರಿ ರಾಮದುರ್ಗದ ಬಳಿಯ ಸುರೇಬಾನದಲ್ಲಿ ಬಾಬಾಸಾಹೇಬನ ಮಂದಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ರಾಮದುರ್ಗದ ದೊರೆ ಬಾಬಾಸಾಹೇಬನ ಮಲತಮ್ಮ; ಅವನು ಕಂಪನಿಯ ಕಡೆಗೇ ಉಳಿದ. ನರಗುಂದದ ಮೇಲೆ ಏರಿ ಬಂದ ಮಾಲ್ಕಂ ದಕ್ಷಿಣ ಮರಾಠಾ ಅಶ್ವದಳದ ಮುಖ್ಯಸ್ಥ. ದಕ್ಷಿಣ ಮರಾಠಾ ಎಂಬುದು ಆಗ ಕಂಪನಿಯವರು ನಮ್ಮ ಸೀಮೆಯನ್ನು ಕರೆಯುತ್ತಿದ್ದ ಹೆಸರೇ. ಜೂನ್ ಮೊದಲಿಗೆ ನರಗುಂದ ಬಿತ್ತು, ಜೂನ್ 12ಕ್ಕೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಒಂದೇ ಮನೆಯ ಇಬ್ಬರು ಎರಡು ಕಡೆ, ಒಂದೇ ನಾಡಿನ ಸವಾರರು ಎರಡು ಕಡೆ.

ಈಗ ಪಟ್ಟಿಯ ಮಾತಿಗೆ ಬರುತ್ತೇನೆ. ಡೀಕನ್ನನ ದಂಡಿನ ಪಟ್ಟಿ ಮದ್ರಾಸ್ ಸೇನೆಯ ಇತಿಹಾಸದಲ್ಲಿ ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. ಕಿತ್ತೂರಿನ ದಂಡಿನ ಪಟ್ಟಿ ಬರೆಯಬೇಕಾದವರು ನಾವು. ಸರದಾರರ ಹೆಸರು ಲಾವಣಿಕಾರರು ಉಳಿಸಿದ್ದಾರೆ. ಅವರ ಹಿಂದೆ ನಿಂತವರ ಹೆಸರು ಜಮೀನಿನ ದಫ್ತರಗಳಲ್ಲಿ, ಇನಾಮಿನ ಕಾಗದಗಳಲ್ಲಿ ಇವೆ. ಅವುಗಳಲ್ಲಿ ಹಳೆಯವು ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ. ಮೋಡಿ ಓದಬಲ್ಲವರು ನಮ್ಮ ಜಿಲ್ಲೆಯಲ್ಲಿ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಾಲೇಜು ಹುಡುಗರಿಗೆ ಮೋಡಿ ಕಲಿಸಿ, ಊರೂರಿನ ಶೇತಸನದಿ ಹೊಲಗಳನ್ನು ಗುರುತಿಸಿ, ಯಾವ ಊರಿನಿಂದ ಎಷ್ಟು ಮನೆಗಳು ಕಿತ್ತೂರಿಗೆ ದಂಡು ಕಳಿಸುತ್ತಿದ್ದವು ಎಂಬ ಲೆಕ್ಕವನ್ನು ಕನ್ನಡದಲ್ಲಿ ಬರೆಸಬೇಕು. ಕಿತ್ತೂರು ಉತ್ಸವಕ್ಕೆ ಪ್ರತಿ ವರ್ಷ ಖರ್ಚಾಗುವ ಹಣದಲ್ಲಿ ಸಣ್ಣ ಪಾಲು ಈ ಕೆಲಸಕ್ಕೆ ಸಾಕು.

ಆ ಪಟ್ಟಿ ಸಿದ್ಧವಾದರೆ ಕಿತ್ತೂರಿನ ಸೋಲಿಗೆ ಒಬ್ಬಿಬ್ಬರ ಮೋಸವನ್ನಷ್ಟೇ ಕಾರಣ ಮಾಡಿ ಸುಮ್ಮನಾಗಲು ಆಗುವುದಿಲ್ಲ. ಹೊಲದ ಮೇಲೆ ಕಟ್ಟಿದ ದಂಡು ಒಂದು ದಿನದಲ್ಲಿ ಕಲೆಕ್ಟರನನ್ನು ಕೆಡವಬಲ್ಲದು, ಕೋಟೆ ಬಿದ್ದು ಐದು ವರ್ಷವಾದ ಮೇಲೂ ಮತ್ತೆ ಎದ್ದು ನಿಲ್ಲಬಲ್ಲದು. ಹಾಗೆಯೇ ಆ ಹೊಲವನ್ನು ಕೊಡುವ ಕೈ ಬದಲಾದರೆ ಅದೇ ದಂಡು ಎರಡಾಗಿ ಒಡೆಯಬಲ್ಲದು. ರಾಯಣ್ಣ ಹೋರಾಡಿದ್ದೂ, ಅವನನ್ನು ಹಿಡಿದುಕೊಟ್ಟವರು ಕಂಪನಿಯ ಕಡೆ ನಿಂತದ್ದೂ ಇದೇ ನೆಲದ ಲೆಕ್ಕದ ಮೇಲೆ. ಒಬ್ಬ ಆ ಲೆಕ್ಕಕ್ಕೆ ಜೀವ ಕೊಟ್ಟ, ಉಳಿದವರು ಅದರಿಂದ ಲಾಭ ಪಡೆದರು. ಈ ಎರಡನ್ನೂ ನಮ್ಮ ಮಕ್ಕಳಿಗೆ ಒಟ್ಟಿಗೆ ಕಲಿಸಿದಾಗಲೇ ರಾಯಣ್ಣ ಎಷ್ಟು ದೊಡ್ಡವನು ಎಂಬುದು ಅವರಿಗೆ ತಿಳಿಯುತ್ತದೆ.